ಹೂ ಬಿಟ್ಟಿದೆ, ವಾಪಸ್!

"ಹುಳ! ಇದರಲ್ಲಿ ಹುಳ ಇದೆ!"

ಬೆಳಗಿನ ಆರೂಕಾಲು ಗಂಟೆ. ಆಸ್ಪತ್ರೆಯ ಅಡುಗೆಮನೆಯ ಹಿಂಬಾಗಿಲಲ್ಲಿ, ತರಕಾರಿ ಇಳಿಸುವ ಕಟ್ಟೆಯ ಮೇಲೆ ನಿಂತು ಅವಳು ಕೂಗಿದ ರಭಸಕ್ಕೆ ಒಳಗೆ ಸೂಪು ತಿರುವುತ್ತಿದ್ದ ಹೆಡ್ ಕುಕ್ ಕೈಯಿಂದ ಸೌಟು ಜಾರಿ ಪಾತ್ರೆಯೊಳಗೇ ಬಿತ್ತು.

ಅವಳು ಆ ಆಸ್ಪತ್ರೆಗೆ ಹೊಸದಾಗಿ ಬಂದ ಡಯಟೀಷಿಯನ್. ಇನ್ನೂರ ಹತ್ತು ಹಾಸಿಗೆಗಳ ಆಸ್ಪತ್ರೆ. ಯಾವ ರೋಗಿಯ ತಟ್ಟೆಗೆ ಏನು ಬೀಳಬೇಕು, ಎಷ್ಟು ಬೀಳಬೇಕು ಎಂದು ತೀರ್ಮಾನಿಸುವವಳು ಅವಳೇ. ಕೆಲಸಕ್ಕೆ ಸೇರಿ ಅಂದಿಗೆ ಮೂರನೆಯ ದಿನ. ಮೂರೇ ದಿನದಲ್ಲಿ ಅಡುಗೆಮನೆಯವರೆಲ್ಲ ಅವಳ ಧ್ವನಿ ಕೇಳಿದರೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು.

ವ್ಯಾನಿನ ಹಿಂದಿನಿಂದ ಒಬ್ಬ ಇಳಿದು ಬಂದ. ಎತ್ತರದ ಆಳು, ಮೊಣಕಾಲಿನವರೆಗೂ ಕೆಸರು, ಮಡಚಿದ ತೋಳು. ಅವಳು ಬೊಟ್ಟು ಮಾಡಿದ ಪೆಟ್ಟಿಗೆಗೆ ಬಗ್ಗಿ, ಬ್ರೊಕೊಲಿಯ ಮೇಲೆ ಹರಿದಾಡುತ್ತಿದ್ದ ಹಸಿರು ಹುಳವನ್ನು ಎರಡು ಬೆರಳಲ್ಲಿ ಎತ್ತಿ ಅಂಗೈ ಮೇಲೆ ಬಿಟ್ಟುಕೊಂಡ.

"ಮೆಲ್ಲಗೆ ಮೇಡಂ... ಹೆದರಿಕೊಂಡುಬಿಡುತ್ತೆ."

"ಯಾರು?"

"ಹುಳ."

ಅವಳಿಗೆ ಉರಿದುಹೋಯಿತು. 'ಎಂಥಾ ಜನಾನಪ್ಪಾ!'

"ನೋಡ್ರೀ, ಇದು ಆಸ್ಪತ್ರೆ. ತಮಾಷೆ ಮಾಡೋ ಜಾಗ ಅಲ್ಲ."

"ತಮಾಷೆ ಅಲ್ಲ ಮೇಡಂ. ಹುಳ ತಿಂದು ಬದುಕಿದೆ ಅಂದ್ರೆ ನಾನು ವಿಷ ಹೊಡೆದಿಲ್ಲ ಅಂತ ತಾನೇ? ಇದೇ ನನ್ನ ಸರ್ಟಿಫಿಕೇಟು."

"ನಿಮ್ಮ ಸರ್ಟಿಫಿಕೇಟು ಐದನೇ ವಾರ್ಡಿನ ಅಜ್ಜಿ ತಟ್ಟೇಲಿ ಓಡಾಡಿದ್ರೆ?"

ಅವನು ಒಂದು ಕ್ಷಣ ಯೋಚಿಸಿದ. "ಅದೂ ಸರೀನೇ... ಉಪ್ಪುನೀರಲ್ಲಿ ಹದಿನೈದು ನಿಮಿಷ ತಲೆಕೆಳಗಾಗಿ ಮುಳುಗಿಸಿಡಿ. ಒಳಗಿರೋ ಹುಳ ಎಲ್ಲ ಹೊರಗೆ ಬಂದುಬಿಡುತ್ತೆ."

"ಹುಳ ಇಲ್ದೇ ತರೋದು ನಿಮ್ಮ ಕೆಲಸ!"

ಅಷ್ಟು ಹೇಳಿ ಅವಳು ಕೋಟಿನ ಜೇಬಿನಿಂದ ಒಂದು ಚೀಟಿ ಪುಸ್ತಕ ತೆಗೆದಳು. ಸರಕು, ಕಾರಣ, ಕ್ರಮ ಎಂದು ಮೂರು ಸಾಲು ಅಚ್ಚಾಗಿತ್ತು. ಸರಸರ ಬರೆದು, ಚೀಟಿ ಹರಿದು, ಪೆಟ್ಟಿಗೆಗೆ ಅಂಟಿಸಿದಳು. *ಸರಕು: ಬ್ರೊಕೊಲಿ. ಕಾರಣ: ಹುಳ. ಕ್ರಮ: ವಾಪಸ್.*

ಅವನು ಚೀಟಿ ಓದಿದ. ಅಂಗೈ ಮೇಲಿದ್ದ ಹುಳಕ್ಕೂ ತೋರಿಸಿದ! "ನೋಡಪ್ಪಾ, ನಿನ್ನಿಂದ ಆಗಿದ್ದು."

ಹೆಡ್ ಕುಕ್ ಬಾಗಿಲ ಮರೆಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು.

ಇದು ಅವರಿಬ್ಬರ ಮೊದಲ ಭೇಟಿ. ಪ್ರೀತಿ ಹುಟ್ಟಲು ಇದಕ್ಕಿಂತ ಕೆಟ್ಟ ಮುಹೂರ್ತ ಇರಲು ಸಾಧ್ಯವೇ, ನೀವೇ ಹೇಳಿ!

ಆ ವಾರದೊಳಗೆ ಅವಳಿಗೆ 'ಚೀಟಿ ಮೇಡಂ' ಎಂಬ ಹೆಸರು ಬಿತ್ತು. ಅವಳ ಬೆನ್ನ ಹಿಂದೆ ಮಾತ್ರ, ಎದುರಿಗಲ್ಲ. ಅಷ್ಟು ಧೈರ್ಯ ಯಾರಿಗಿತ್ತು? ಆದರೆ ಅವಳೇನು ಹುಟ್ಟಾ ಸಿಡುಕಿ ಅಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಪರಿಚಯದವರು ಕಳಿಸಿದ ಒಂದು ಬುಟ್ಟಿ ಸೊಪ್ಪನ್ನು ಮುಖದಾಕ್ಷಿಣ್ಯಕ್ಕೆ ಸರಿಯಾಗಿ ನೋಡದೆ ಒಳಗೆ ಬಿಟ್ಟಿದ್ದಳು. ಹನ್ನೊಂದು ಜನರಿಗೆ ಹೊಟ್ಟೆ ಕೆಟ್ಟಿತು. ಒಬ್ಬ ಮುದುಕರಂತೂ ನಾಲ್ಕು ದಿನ ಮೇಲೇಳಲಿಲ್ಲ. ಅಂದಿನಿಂದ ದಾಕ್ಷಿಣ್ಯಕ್ಕೆ ಒಂದು ದೊಡ್ಡ ನಮಸ್ಕಾರ ಹೇಳಿದ್ದಳು. ಕಣ್ಣಿಗೆ ಕಂಡದ್ದನ್ನು ಚೀಟಿಯಲ್ಲಿ ಬರೆ, ವಾಪಸ್ ಕಳಿಸು, ಮುಗಿಯಿತು!

ಅವನಿಗೂ ಒಂದು ಅಡ್ಡಹೆಸರಿತ್ತು, ಕೋಸಣ್ಣ. ಅವನ ಹೊಲದಲ್ಲಿ ಬೆಳೆಯುತ್ತಿದ್ದುದೆಲ್ಲ ಕೋಸಿನ ಜಾತಿಯೇ. ಎಲೆಕೋಸು, ಹೂಕೋಸು, ನವಿಲುಕೋಸು, ಎಲ್ಲಕ್ಕಿಂತ ಹೆಚ್ಚಾಗಿ ಬ್ರೊಕೊಲಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹನ್ನೆರಡು ಪೆಟ್ಟಿಗೆ ತಂದಿಳಿಸುತ್ತಿದ್ದ. ಅವಳೂ ಎಲ್ಲರಂತೆ "ಕೋಸಣ್ಣ, ಇಲ್ಲಿ ಸಹಿ ಹಾಕಿ" ಎನ್ನುತ್ತಿದ್ದಳು.

ಇಬ್ಬರೂ ಮೊದಲ ಬಾರಿ ಒಂದೇ ಕಡೆ ನಿಂತದ್ದು ಹೆಡ್ ಕುಕ್ ದೆಸೆಯಿಂದ.

ಅರವತ್ತು ದಾಟಿದ ಅವರನ್ನು ಅಡುಗೆಮನೆಯಲ್ಲಿ ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ದೊಡ್ಡಪ್ಪನ ಲೆಕ್ಕದಲ್ಲಿ ತರಕಾರಿ ಎಂದರೆ ಬೇಯಬೇಕು, ಚೆನ್ನಾಗಿ ಬೇಯಬೇಕು, ಹಲ್ಲಿಲ್ಲದವನೂ ನುಂಗುವಂತಿರಬೇಕು. ಒಂದು ಶುಕ್ರವಾರ ಖಾಲಿ ಪೆಟ್ಟಿಗೆ ಒಯ್ಯಲು ಒಳಗೆ ಬಂದ ಕೋಸಣ್ಣ, ಕುದಿಯುವ ಪಾತ್ರೆಗೆ ಇಣುಕಿದವನೇ ತಲೆ ಮೇಲೆ ಕೈ ಹೊತ್ತ.

"ಅಯ್ಯಯ್ಯೋ ದೊಡ್ಡಪ್ಪಾ! ಎಪ್ಪತ್ತು ದಿನ ಬೆಳೆಸಿದ್ದನ್ನ ಇಪ್ಪತ್ತು ನಿಮಿಷದಲ್ಲಿ ಕೊಂದ್ರಲ್ಲ!"

"ಅದನ್ನೇ ನಾನು ಒಂದು ವಾರದಿಂದ ಬಾಯಿ ಬಡ್ಕೋತಿದೀನಿ!" ಎಂದಳು ಅವಳು. "ಕಿತ್ತಳೆ ಹಣ್ಣನ್ನೂ ಇದನ್ನೂ ತೂಕಕ್ಕೆ ತೂಕ ಇಟ್ಟು ನೋಡಿ, ವಿಟಮಿನ್ ಸಿ ಇದರಲ್ಲೇ ಜಾಸ್ತಿ. ಕುದಿಸಿ ನೀರು ಚೆಲ್ಲಿದ್ರೆ ಅದರಲ್ಲಿ ಅರ್ಧಕ್ಕರ್ಧ ಮೋರಿಪಾಲು. ಮೂರು ನಿಮಿಷ ಹಬೆ ಸಾಕು ದೊಡ್ಡಪ್ಪ, ನಾಲ್ಕಾದ್ರೆ ಜಾಸ್ತಿ!"

"ಕಾಂಡಾನೂ ಬಿಸಾಡ್ತಿದ್ದಾರೆ ಮೇಡಂ, ನೋಡಿ!"

"ಕಾಂಡ ಬಿಸಾಡ್ತೀರಾ? ನಾರಿರೋದೇ ಅದರಲ್ಲಿ! ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ!"

ದೊಡ್ಡಪ್ಪ ಒಮ್ಮೆ ಅವಳ ಮುಖ, ಒಮ್ಮೆ ಅವನ ಮುಖ ನೋಡಿದರು. "ಒಬ್ಬರ ಕಾಟಾನೇ ತಡಕೊಳ್ಳೋಕೆ ಆಗ್ತಿರಲಿಲ್ಲ. ಈಗ ಜೋಡಿ ಆಯ್ತು!"

ಜೋಡಿ ಎಂಬ ಮಾತಿಗೆ ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರು. ಆದರೆ ಅಂದು ಮಧ್ಯಾಹ್ನ ವಾರ್ಡುಗಳಿಂದ ತಟ್ಟೆಗಳು ಖಾಲಿಯಾಗಿ ಬಂದವು! ಮೂರು ನಿಮಿಷದ ಹಬೆಯಲ್ಲಿ ಹಚ್ಚಹಸಿರಾಗಿ, ಹಲ್ಲಿಗೆ ಕರುಂ ಎನ್ನುವಂತೆ ಬೆಂದ ಬ್ರೊಕೊಲಿ, ಮೇಲೆ ಒಂದಿಷ್ಟು ಮೆಣಸಿನಪುಡಿ, ನಿಂಬೆರಸ. ಐದನೇ ವಾರ್ಡಿನ ಅಜ್ಜಿ ಎರಡನೇ ಸಲ ಕೇಳಿ ಹಾಕಿಸಿಕೊಂಡರಂತೆ.

ಇನ್ನೊಂದು ಸಂಗತಿಯೇ ಅವಳನ್ನು ಕೆಡವಿದ್ದು.

ಏಳನೇ ವಾರ್ಡು ಹೃದಯ ರೋಗಿಗಳದ್ದು. ಅಲ್ಲಿಗೆ ಹೋಗುವ ಬ್ರೊಕೊಲಿಯನ್ನು ಅವಳು ತಾನೇ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದಳು. ಅವನು ಒಮ್ಮೆ ಕೇಳಿದ.

"ಅವರಿಗೆ ಮಾತ್ರ ಯಾಕೆ ಮೇಡಂ ತೂಕ?"

"ರಕ್ತ ತೆಳುವಾಗೋ ಮಾತ್ರೆ ತಗೋತಾರೆ ಅವರಲ್ಲಿ ಕೆಲವರು. ಬ್ರೊಕೊಲೀಲಿರೋ ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಿಸುತ್ತೆ. ತಿನ್ನಲೇಬಾರದು ಅಂತಲ್ಲ. ಇವತ್ತು ಬೆಟ್ಟದಷ್ಟು, ನಾಳೆ ಸೊನ್ನೆ, ಹಾಗೆ ಮಾಡಬಾರದು. ದಿನಾ ಒಂದೇ ಅಳತೆ ಇರಬೇಕು."

ಅವನು "ಹೂಂ" ಅಂದ, ಹೋದ.

ಮುಂದಿನ ಮಂಗಳವಾರ ಹನ್ನೆರಡು ಪೆಟ್ಟಿಗೆಗಳಲ್ಲಿ ಒಂದು ಬೇರೆಯಾಗಿತ್ತು. ಬಿಳಿ ದಾರ ಕಟ್ಟಿದ್ದ ಆ ಪೆಟ್ಟಿಗೆಯಲ್ಲಿ ಒಂದೇ ಗಾತ್ರದ, ಒಂದೇ ಎತ್ತರಕ್ಕೆ ಕಾಂಡ ಕತ್ತರಿಸಿದ ಸಣ್ಣ ಸಣ್ಣ ಬ್ರೊಕೊಲಿಗಳು. ಅವಳು ಒಂದನ್ನು ತಕ್ಕಡಿಗೆ ಹಾಕಿದಳು. ಇನ್ನೊಂದನ್ನು ಹಾಕಿದಳು. ಮತ್ತೊಂದು... ಮುಳ್ಳು ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು.

"ಏಳನೇ ವಾರ್ಡಿಗೆ," ಎಂದ ಅವನು, ನೆಲ ನೋಡುತ್ತಾ. "ನಿಮಗೆ ತೂಗೋ ಕೆಲಸ ಸ್ವಲ್ಪ ತಪ್ಪಲಿ ಅಂತ."

'ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಒಂದೊಂದನ್ನೂ ತೂಗಿ ಆರಿಸಿದ್ದಾನೆ... ಯಾರೂ ಕೇಳದೆ!'

ಅವಳ ಎದೆಯೊಳಗೆ ಏನೋ ಕರಗಿ ನೀರಾಯಿತು. "ಥ್ಯಾಂಕ್ಸ್..." ಎಂದಳು. 'ಕೋಸಣ್ಣ' ಎನ್ನಲು ಬಾಯಿ ತೆರೆದಳು. ಅಣ್ಣ ಎಂಬುದು ಗಂಟಲಲ್ಲೇ ಸಿಕ್ಕಿಕೊಂಡಿತು! ಅಂದಿನಿಂದ ಅವಳು ಅವನನ್ನು "ಏನ್ರೀ", "ಕೇಳಿದ್ರಾ", "ಇವರೇ" ಎಂದೆಲ್ಲ ಕರೆದಳೇ ಹೊರತು ಅಪ್ಪಿತಪ್ಪಿಯೂ ಅಣ್ಣ ಎನ್ನಲಿಲ್ಲ.

ಇದನ್ನು ಅವನು ಗಮನಿಸಿದನೋ ಇಲ್ಲವೋ, ದೊಡ್ಡಪ್ಪ ಮಾತ್ರ ಗಮನಿಸಿದರು. ಇಡೀ ಅಡುಗೆಮನೆಗೆ ಹೇಳಿಯೂ ಬಿಟ್ಟರು.

ಮೂರು ತಿಂಗಳಿಗೊಮ್ಮೆ ತರಕಾರಿ ಬರುವ ಹೊಲಗಳನ್ನು ನೋಡಿ ಬರುವುದು ಅವಳ ಕೆಲಸ. ಆ ಸಲ ಅವನ ಹೊಲಕ್ಕೆ ಹೋಗುವ ದಿನ ಅವಳು ಮೂರು ಸಲ ಬಟ್ಟೆ ಬದಲಾಯಿಸಿದಳು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ಕೋಸು ನೋಡೋಕೆ ಹೋಗ್ತಿದೀಯಾ, ಕೋಸಿಗೆ ತೋರಿಸ್ಕೊಳ್ಳೋಕೆ ಹೋಗ್ತಿದೀಯಾ?"

"ಅಮ್ಮಾ!"

"ಬಂದ ಗಂಡುಗಳನ್ನೆಲ್ಲ ತರಕಾರಿ ಥರ ತಿರುವಿ ಮುರುವಿ ನೋಡಿ ವಾಪಸ್ ಕಳಿಸಿದೋಳು ನೀನು. ಈಗ ಸೀದಾ ತರಕಾರಿಯವನ ಹತ್ರಾನೇ ಹೊರಟೆ, ಒಳ್ಳೇದೇ ಆಯ್ತು ಬಿಡು."

ಹೊಲದಲ್ಲಿ ಅವನು ಬೇರೆಯೇ ಮನುಷ್ಯ. ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಮಾತಿಗೆ ತಡವರಿಸುವವನು ಇಲ್ಲಿ ನಿಲ್ಲಿಸಿದರೂ ನಿಲ್ಲಲಿಲ್ಲ!

"ಬೀಜ ಟ್ರೇಲಿ ಹಾಕಿ ನಾಲ್ಕು ವಾರ ಮಡಿಲಲ್ಲಿಟ್ಟು ಸಾಕಿದ ಹಾಗೆ ಸಾಕಬೇಕು ಮೇಡಂ. ನಾಲ್ಕೈದು ಎಲೆ ಬಂದ್ಮೇಲೆ ಹೊಲಕ್ಕೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಇವಕ್ಕೆ ತಂಪು ಬೇಕು, ಬೇರಿಗೆ ಯಾವಾಗ್ಲೂ ಹಸಿ ಇರಬೇಕು. ನೀರು ನಿಂತ್ರೂ ಮುನಿಸು, ಒಣಗಿದ್ರೂ ಮುನಿಸು."

"ನಿಮ್ಮನ್ನ ಚೆನ್ನಾಗಿ ಆಟ ಆಡಿಸ್ತಾವೆ ಅನ್ನಿ."

"ಆಡಿಸಲಿ ಬಿಡಿ... ಮಣ್ಣಲ್ಲಿ ಬೋರಾನ್ ಅನ್ನೋ ಸತ್ವ ಕಮ್ಮಿ ಆದ್ರೆ ಕಾಂಡದೊಳಗೆ ಟೊಳ್ಳು. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ."

ಅವನ ಸೋದರತ್ತೆ ದೂರದಲ್ಲಿ ಕಳೆ ಕೀಳುತ್ತಿದ್ದವರು ಅಲ್ಲಿಂದಲೇ ಕೂಗಿದರು: "ಅದರ ಅಜ್ಜ ಮುತ್ತಜ್ಜನ ಕಥೆ ಹೇಳೋಕೆ ಶುರು ಮಾಡಿದ್ನಾ? ಮಾಡಿದ್ರೆ ಕೂತ್ಕೊಂಡುಬಿಡಮ್ಮಾ, ಕಾಲು ನೋವು ಬರುತ್ತೆ!"

ತಂದೆತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದ ದಪ್ಪ ಮೈಯ, ದೊಡ್ಡ ಬಾಯಿಯ ಹೆಂಗಸು ಅವರು.

ಅವನು ನಾಚಿಕೊಂಡೇ ಶುರು ಮಾಡಿದ. "ಮೆಡಿಟರೇನಿಯನ್ ಸಮುದ್ರದ ಕಡೆಯದು ಇದರ ಮೂಲ. ಕಾಡುಕೋಸು ಅಂತ ಒಂದು ಗಿಡ ಇತ್ತು. ನಮ್ಮಂಥ ರೈತರೇ ಒಬ್ಬರು ಎಲೆ ಚೆನ್ನಾಗಿರೋದನ್ನ ಆರಿಸಿದ್ರು, ಎಲೆಕೋಸಾಯ್ತು. ಇನ್ನೊಬ್ಬರು ಕಾಂಡ ಉಬ್ಬಿದ್ದನ್ನ ಆರಿಸಿದ್ರು, ನವಿಲುಕೋಸಾಯ್ತು. ಮೊಗ್ಗು ಜಾಸ್ತಿ ಬಿಡೋದನ್ನ ಆರಿಸಿ ಆರಿಸಿ ಬ್ರೊಕೊಲಿ ಮಾಡಿದ್ರು. ರೋಮನ್ನರು ಇದರ ಹಿಂದಿನವರನ್ನ ಇಷ್ಟಪಟ್ಟು ತಿಂತಿದ್ರಂತೆ. ಬ್ರೊಕೊಲಿ ಅಂದ್ರೆ ಇಟಲಿ ಭಾಷೇಲಿ ಚಿಗುರು ಅಂತ... ಎಲ್ಲಾ ಒಂದೇ ತಾಯಿ ಮಕ್ಕಳು ಮೇಡಂ."

ಅವಳು ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಗಲ ಎಲೆಗಳ ನಡುವೆ ಬಿಗಿಯಾದ ಹಸಿರು ತಲೆ. ಹತ್ತಿರದಿಂದ ನೋಡಿದರೆ ಸಾವಿರಾರು ಮೊಗ್ಗು.

"ನಾವು ತಿನ್ನೋದು ಮೊಗ್ಗನ್ನೇ ಅಲ್ವಾ?" ಎಂದಳು ಮೆಲ್ಲಗೆ. "ಒಂದೇ ಒಂದು ಮೊಗ್ಗು ಹಳದಿಗೆ ತಿರುಗಿದ್ರೂ ನಾನು ವಾಪಸ್ ಕಳಿಸಿಬಿಡ್ತೀನಿ. ಇಷ್ಟು ವರ್ಷದಲ್ಲಿ ಇದು ಪೂರ್ತಿ ಅರಳಿದ್ದನ್ನ ನಾನು ನೋಡೇ ಇಲ್ಲ, ಪಾಪ. ಹೇಗಿರುತ್ತೋ..."

ಅವಳು ಆ ಮಾತನ್ನು ಅಲ್ಲೇ ಮರೆತಳು.

ಅವನು ಮರೆಯಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ, ಆಹಾರ ತಪಾಸಣೆಯ ಅಧಿಕಾರಿಗಳು ಹೇಳದೆ ಕೇಳದೆ ಆಸ್ಪತ್ರೆಗೆ ಬಂದಿಳಿದರು. ಅವಳು ಮೂರನೇ ಮಹಡಿಯಲ್ಲಿ ಫೈಲುಗಳ ನಡುವೆ ಸಿಕ್ಕಿಹಾಕಿಕೊಂಡಳು. ಕೆಳಗೆ ಅವನು ಹದಿಮೂರು ಪೆಟ್ಟಿಗೆ ಇಳಿಸಿ ಅರ್ಧ ಗಂಟೆ ಕಾದ. ಅಂದು ಅಂಗಿಗೆ ಇಸ್ತ್ರಿ ಬೇರೆ ಹಾಕಿಸಿಕೊಂಡು ಬಂದಿದ್ದ. ಬಿಸಿಲೇರಿತು, ಬೇರೆ ಕಡೆಯ ಸರಕು ವ್ಯಾನಿನಲ್ಲಿತ್ತು.

"ದೊಡ್ಡಪ್ಪ, ಈ ಪೆಟ್ಟಿಗೆ ಮೇಡಂ ನೋಡ್ಬೇಕು. ಮರೀಬೇಡಿ," ಎಂದು ಹೇಳಿ ಹೊರಟುಹೋದ.

ಹತ್ತು ನಿಮಿಷದ ಮೇಲೆ ಅವಳು ಅಧಿಕಾರಿಗಳನ್ನು ಬೆನ್ನಿಗಿಟ್ಟುಕೊಂಡೇ ಕಟ್ಟೆಗೆ ಬಂದಳು.

"ಆ ಪೆಟ್ಟಿಗೆ ನೀವು ನೋಡ್ಬೇಕಂತೆ ಮೇಡಂ," ಎಂದರು ದೊಡ್ಡಪ್ಪ.

ನೋಡಬೇಕಾದದ್ದೇ! ಪೆಟ್ಟಿಗೆಯ ತುಂಬ ಹಳದಿ. ಒಂದು ಮೊಗ್ಗಲ್ಲ, ಎರಡು ಮೊಗ್ಗಲ್ಲ, ಸಂಪೂರ್ಣ ಅರಳಿಹೋದ ಬ್ರೊಕೊಲಿ! ಹಿಂದಿನಿಂದ ಒಬ್ಬ ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ಇಂಥದ್ದನ್ನೂ ತಗೋತೀರಾ ನೀವು?"

"ಇಲ್ಲ ಸರ್, ತಗೊಳ್ಳೋದೇ ಇಲ್ಲ!"

ಅವಳ ಕೈ ತಾನಾಗಿಯೇ ಜೇಬಿಗೆ ಹೋಯಿತು. ಬರೆದಳು, ಹರಿದಳು, ಅಂಟಿಸಿದಳು. ತಪಾಸಣೆ ಮುಗಿಯಿತು, ಅಧಿಕಾರಿಗಳು ಮೆಚ್ಚಿಕೊಂಡೇ ಹೋದರು. ಮಧ್ಯಾಹ್ನ ಖಾಲಿ ಪೆಟ್ಟಿಗೆ ಒಯ್ಯಲು ಬಂದ ಅವನ ಕೈಗೆ, ಅವಳು ಮೇಲಿರುವಾಗಲೇ, ಆ ಪೆಟ್ಟಿಗೆಯೂ ಸಿಕ್ಕಿತು.

ಮಂಗಳವಾರ ಅವನು ಬಂದ. ಮುಖ ಸಪ್ಪೆ. ಪೆಟ್ಟಿಗೆ ಇಳಿಸಿದ, ಅವಳತ್ತ ತಿರುಗಿಯೂ ನೋಡಲಿಲ್ಲ.

"ಏನ್ರೀ, ಹುಷಾರಿಲ್ವಾ?"

"ಹುಷಾರಾಗಿದೀನಿ ಮೇಡಂ."

"ಮತ್ತೆ..."

"ಸಹಿ ಎಲ್ಲಿ ಹಾಕ್ಬೇಕು?"

ಅವಳಿಗೆ ಮೊದಲು ಗಾಬರಿಯಾಯಿತು, ಆಮೇಲೆ ಕೋಪ ಬಂತು. 'ಒಂದು ಪೆಟ್ಟಿಗೆ ವಾಪಸ್ ಕಳಿಸಿದ್ದಕ್ಕೆ ಇಷ್ಟು ಬಿಗುಮಾನಾನಾ? ತಪ್ಪು ಅವನದು, ಮುನಿಸೂ ಅವನದೇ! ನನ್ನ ಕೆಲಸ ಎಂಥದ್ದು ಅಂತ ಅರ್ಥ ಮಾಡ್ಕೊಂಡಿದಾನೆ ಅಂದ್ಕೊಂಡಿದ್ದೆ...' ಕಣ್ಣು ಉರಿಯತೊಡಗಿತು. ಆ ಉರಿಯಲ್ಲಿ ಬಾಯಿಂದ ಬಂದೇಬಿಟ್ಟಿತು.

"ಇಲ್ಲೇ ಹಾಕಿ, ಕೋಸಣ್ಣ!"

ಅಡುಗೆಮನೆಯಲ್ಲಿ ಚಾಕುಗಳ ಟಕಟಕ ಒಮ್ಮೆಲೇ ನಿಂತಿತು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಅವನು ಪೆನ್ನು ತೆಗೆದುಕೊಂಡ.

"ಆಯ್ತು ಮೇಡಂ," ಎಂದ. ಸಹಿ ಹಾಕಿದ, ಹೋದ.

ಶುಕ್ರವಾರ ವ್ಯಾನಿನಿಂದ ಇಳಿದದ್ದು ಸೋದರತ್ತೆ. ಯಾವಾಗಲೂ ಮಾತಿನ ಮಳೆ ಸುರಿಸುವ ಅವರು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಒಂದು ಕಾಗದ ಕೊಟ್ಟರು. *ಈ ತಿಂಗಳ ಕೊನೆಗೆ ಒಪ್ಪಂದ ಮುಗಿಯುತ್ತದೆ. ಮುಂದುವರಿಸಲು ಇಷ್ಟವಿಲ್ಲ. ಇಲ್ಲಿಯವರೆಗಿನ ಸಹಕಾರಕ್ಕೆ ವಂದನೆಗಳು.*

ತಿಂಗಳ ಕೊನೆಗೆ ಉಳಿದಿದ್ದು ಐದು ದಿನ. ಅಂದರೆ ಇನ್ನೊಂದು ಮಂಗಳವಾರ. ಆಮೇಲೆ ಅವನು ಬರುವುದಿಲ್ಲ. ಅವನ ಹೊಲಕ್ಕೆ ಹೋಗಲು ಅವಳಿಗೆ ಯಾವ ನೆಪವೂ ಇರುವುದಿಲ್ಲ...

"ಅಮ್ಮಾ," ಎಂದಳು ಅಂದು ಸಂಜೆ ಊಟದ ತಟ್ಟೆಯ ಮುಂದೆ ಕೂತು. "ನಾನು ಮಾಡಿದ್ದು ತಪ್ಪಾ? ಹೂ ಬಿಟ್ಟ ತರಕಾರಿ ವಾಪಸ್ ಕಳಿಸಲೇಬೇಕು ತಾನೇ?"

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು. "ತರಕಾರಿ ವಿಷಯಕ್ಕೆ ಯಾರಾದ್ರೂ ಊಟ ಬಿಟ್ಟು ಕೂರ್ತಾರೇನೇ? ಅವನು ಬೇಕು ಅಂತ ಅನ್ನಿಸಿದ್ರೆ ಹೋಗಿ ಹೇಳು."

"ಅವರಿಗೆ ನಾನು ಬೇಡ ಅನ್ನಿಸಿದ್ರೆ?"

"ಆಗ ಅಳು. ಈಗಲೇ ಯಾಕೆ ಮುಂಗಡ ಅಳ್ತಿದೀಯಾ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಹೋಗಿ ಹೇಳುವ ಧೈರ್ಯ ಬರಲಿಲ್ಲ.

ಕೊನೆಯ ಮಂಗಳವಾರ. ಮತ್ತೆ ಸೋದರತ್ತೆಯೇ ಬಂದರು. ಪೆಟ್ಟಿಗೆ ಇಳಿಸಿ, ಸೊಂಟದ ಮೇಲೆ ಕೈ ಇಟ್ಟು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇನ್ನು ತಡೆದುಕೊಳ್ಳಲು ಅವರಿಂದ ಆಗಲಿಲ್ಲ.

"ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳ್ಬಹುದಿತ್ತಲ್ಲಮ್ಮಾ. ಚೀಟಿ ಅಂಟಿಸಿ ಕಳಿಸೋದಾ?"

"ಏನು ಇಷ್ಟ ಇಲ್ಲ?"

"ಏನಾ! ಆ ಹುಚ್ಚ, ಚೆನ್ನಾಗಿ ಬಂದ ನಲವತ್ತು ಗಿಡ ಕೊಯ್ಯದೆ ಬಿಟ್ಟಿದ್ದ. 'ಅರಳಿದ್ದನ್ನ ಮೇಡಂ ನೋಡೇ ಇಲ್ವಂತೆ ಅತ್ತೆ' ಅಂತ. ಹುಳ ಬೀಳ್ದಂಗೆ ಬಲೆ ಕಟ್ಟಿದ, ದಿನಾ ಹೋಗಿ ಹೂ ಬಂತಾ ಹೂ ಬಂತಾ ಅಂತ ಬಗ್ಗಿ ನೋಡಿದ. ಒದ್ದೆ ಗೋಣಿ ಸುತ್ತಿ ಪೆಟ್ಟಿಗೇಲಿಟ್ಕೊಂಡು ಬಂದ. ಅವತ್ತೇ ನಿನ್ನ ಹತ್ರ ಮನಸ್ಸಿನ ಮಾತು ಹೇಳ್ತೀನಿ ಅಂತ ನನ್ನ ಕಾಲಿಗೆ ಬೇರೆ ಬಿದ್ದು ಬಂದಿದ್ದ! ನೀನು ಬರ್ದಿದ್ದೇನು? ಅವನ ಬೀಜದ ಪುಸ್ತಕದೊಳಗೆ ಇಟ್ಕೊಂಡು ದಿನಾ ಓದ್ತಾನೆ. ನೋಡು, ಕದ್ದು ತಂದಿದೀನಿ!"

ಅವಳು ತನ್ನದೇ ಅಕ್ಷರ ಓದಿದಳು.

*ಸರಕು: ಬ್ರೊಕೊಲಿ. ಕಾರಣ: ಹೂ ಬಿಟ್ಟಿದೆ. ತುಂಬ ತಡವಾಗಿದೆ, ಮೊದಲೇ ಕತ್ತರಿಸಬೇಕಿತ್ತು. ಕ್ರಮ: ವಾಪಸ್. ಇನ್ನು ಮುಂದೆ ಇಂಥದ್ದನ್ನು ಕಳುಹಿಸಬಾರದು.*

ತುಂಬ ತಡವಾಗಿದೆ... ಮೊದಲೇ ಕತ್ತರಿಸಬೇಕಿತ್ತು...

"ಅಯ್ಯೋ ದೇವರೇ!" ಅವಳು ಕಟ್ಟೆಯ ಮೇಲೆ ಕುಸಿದು ಕೂತಳು. "ಅದು ನನಗಾ? ಅದು... ಅದು ಹೂವಾ? ನಾನು ತರಕಾರಿ ಅಂದ್ಕೊಂಡೆ!"

"ತರಕಾರಿ ಅಂದ್ಕೊಂಡ್ಯಾ?"

"ಆಫೀಸರುಗಳು ಬೆನ್ನ ಹಿಂದೆ ನಿಂತಿದ್ರು! ದೊಡ್ಡಪ್ಪ 'ನೀವು ನೋಡ್ಬೇಕಂತೆ' ಅಂದ್ರು, ನೋಡಿದೆ!"

ದೊಡ್ಡಪ್ಪ ಒಳಗಿನಿಂದ ಮೆಲ್ಲನೆ ಸೌಟು ಎತ್ತಿದರು. "ನಂದೂ ಸ್ವಲ್ಪ ತಪ್ಪಿದೆ ಅನ್ನಿಸುತ್ತೆ..."

ಸೋದರತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಅವಳು ಗಾಬರಿಯಾದಳು. ನೋಡಿದರೆ ನಗು! "ಅವನೊಬ್ಬ, ಪ್ರೀತಿ ಹೇಳೋಕೆ ತರಕಾರಿ ಪೆಟ್ಟಿಗೇನೇ ಬೇಕಾಯ್ತು. ನೀನೊಬ್ಬಳು... ಸರಿಹೋಯ್ತು ಬಿಡು, ದೇವರು ಹುಡುಕಿ ಹುಡುಕಿ ಇಬ್ಬರನ್ನೂ ಒಂದೇ ಕಡೆ ಹಾಕಿದಾನೆ! ಹತ್ತು ವ್ಯಾನು."

ಅವಳು ಎದ್ದಳು. ಎದ್ದವಳು ವ್ಯಾನಿನತ್ತ ಓಡಲಿಲ್ಲ, ಪೆಟ್ಟಿಗೆಗಳತ್ತ ಓಡಿದಳು! ಒಂದೊಂದನ್ನೂ ತೆರೆದು, ತಿರುವಿ, ಮೂಸಿ ನೋಡತೊಡಗಿದಳು.

"ಈಗಲೂ ತಪಾಸಣೆನಾ ತಾಯಿ!"

"ರೋಗಿಗಳೇನು ತಪ್ಪು ಮಾಡಿದಾರೆ, ಅತ್ತೆ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಸೋದರತ್ತೆಯ ಮುಖ ಊರಗಲವಾಯಿತು.

"ಏನಂದೆ? ಇನ್ನೊಂದ್ಸಲ ಹೇಳು."

ಅವಳು ಹನ್ನೆರಡನೇ ಪೆಟ್ಟಿಗೆ ಮುಚ್ಚಿ, ಸಹಿ ಹಾಕಿ, ಒಳಗೆ ಕೂಗಿದಳು. "ದೊಡ್ಡಪ್ಪಾ! ಮಧ್ಯಾಹ್ನದೊಳಗೆ ಬರ್ತೀನಿ. ಮೂರು ನಿಮಿಷ! ಮರೀಬೇಡಿ!"

"ಹೋಗಮ್ಮಾ ಹೋಗು! ಒಂದು ದಿನ ನಿನ್ನ ಬ್ರೊಕೊಲೀನ ನಾನು ಸಾಯಿಸಲ್ಲ!"

ವ್ಯಾನು ಹೊಲದ ಅಂಚಿಗೆ ಬಂದು ನಿಂತಾಗ ಅವನು ದೂರದ ಸಾಲಿನಲ್ಲಿ ಬಗ್ಗಿ ಪೈಪು ಜೋಡಿಸುತ್ತಿದ್ದ. ಅವಳು ಇಳಿದವಳು ಅಲ್ಲೇ ನಿಂತುಬಿಟ್ಟಳು.

ಮೂಲೆಯಲ್ಲಿ ಒಂದು ಪಟ್ಟಿ ನೆಲ. ಅರ್ಧದಷ್ಟು ಗಿಡಗಳು ಮೊಂಡಾಗಿದ್ದವು. ಅವುಗಳ ಹೂವೇ ಪೆಟ್ಟಿಗೆಯಲ್ಲಿ ಬಂದಿದ್ದು. ಉಳಿದವು ಅವಳ ಸೊಂಟದೆತ್ತರಕ್ಕೆ ಬೆಳೆದು, ನಾಲ್ಕು ನಾಲ್ಕು ಎಸಳಿನ ಪುಟ್ಟ ಹೂವುಗಳಿಂದ ತುಂಬಿ ತುಳುಕುತ್ತಿದ್ದವು. ಎಂಥಾ ಹಳದಿ! ಒಂದೊಂದರ ಸುತ್ತಲೂ ಜೇನುಹುಳಗಳ ಗುಂಯ್ ಗುಂಯ್. ತಾನು ಇಷ್ಟು ವರ್ಷ ಹೊಸ್ತಿಲಿಂದಲೇ ತಿರುಗಿಸಿ ಕಳಿಸುತ್ತಿದ್ದದ್ದು ಇದನ್ನೇ?

"ಮೇಡಂ?"

ಅವನು ಹತ್ತಿರ ಬಂದಿದ್ದ. ಕೈ ತುಂಬ ಕೆಸರು. "ಒಪ್ಪಂದದ ವಿಷಯಾನಾ? ಬೇರೆ ಒಳ್ಳೆ ಬೆಳೆಗಾರರನ್ನ ನಾನೇ ಹುಡುಕಿಕೊಡ್ತೀನಿ. ಏಳನೇ ವಾರ್ಡಿಗೆ ಹೇಗೆ ಆರಿಸಬೇಕು ಅಂತಾನೂ ಹೇಳಿಕೊಡ್ತೀನಿ..."

ಬಿಟ್ಟು ಹೋಗುವಾಗಲೂ ಏಳನೇ ವಾರ್ಡು! ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ನಾನು ನೋಡಿರಲಿಲ್ಲ!"

"ಏನು?"

"ಹೂವು ಅಂತ ನೋಡಿರಲಿಲ್ಲ ಕಣ್ರೀ! ತರಕಾರಿ ಕೆಟ್ಟಿದೆ ಅಂತ ವಾಪಸ್ ಕಳಿಸಿದೆ. ನೀವು ನನಗೆ ಅಂತ ತಂದಿದ್ದು ಅಂತ ನನಗೆ ಗೊತ್ತಾಗಿದ್ದು ಈಗ, ಒಂದು ಗಂಟೆ ಹಿಂದೆ!"

ಅವಳಿಗೆ ಈಗ ನಿಲ್ಲಿಸುವ ಶಕ್ತಿ ಇರಲಿಲ್ಲ.

"ಪೆಟ್ಟಿಗೆ ಮೇಲೆ ಒಂದು ಹೆಸರಾದ್ರೂ ಬರೀಬಾರದಾ? ಒಂದು ಸಾಲು? ಹುಳದ ಹತ್ರ ಮಾತಾಡ್ತೀರಾ, ರೋಮನ್ನರ ಕಥೆ ಹೇಳ್ತೀರಾ, ಮುಖ್ಯವಾದದ್ದು ಮಾತ್ರ ಪೆಟ್ಟಿಗೇಲಿಟ್ಟು ಹೋಗ್ತೀರಾ!"

"ಹಾಗಾದ್ರೆ... ತಡ ಆಗಿದೆ ಅಂದಿದ್ದು?"

"ಬ್ರೊಕೊಲಿಗೆ!"

"ಇನ್ನು ಮುಂದೆ ಕಳಿಸಬಾರದು ಅಂದಿದ್ದು?"

"ಬ್ರೊಕೊಲೀನ!"

"ಅಣ್ಣ ಅಂದ್ರಲ್ಲ... ಎಲ್ಲರ ಮುಂದೆ..."

"ಕೋಪದಲ್ಲಿ ಅಂದೆ! ನೀವು ಮುಖ ತಿರುಗಿಸಿದ್ರಿ, ನನಗೆ ಹೊಟ್ಟೇಲಿ ಬೆಂಕಿ ಬಿದ್ದ ಹಾಗಾಯ್ತು. ಆ ಬಿಳಿ ದಾರದ ಪೆಟ್ಟಿಗೆ ಬಂದಾಗಿನಿಂದ ಒಂದು ಸಲಾನಾದ್ರೂ ಅಂದಿದ್ನಾ? ಯಾಕೆ ಅನ್ನಲಿಲ್ಲ ಅಂತ ಯೋಚನೆ ಮಾಡಿದ್ರಾ?"

ಅವನು ಅವಳನ್ನೇ ನೋಡಿದ. ಕಿವಿಯವರೆಗೂ ಕೆಂಪೇರಿತು.

"ನನಗೆ ನೀವು ಬೇಕು," ಎಂದಳು ಅವಳು. "ಚೆನ್ನಾಗಿ ನೋಡಿ, ಯೋಚನೆ ಮಾಡಿ ಹೇಳ್ತಿದೀನಿ. ನಿಮ್ಮ ಹುಳ, ನಿಮ್ಮ ಕೆಸರು, ನಿಮ್ಮ ಅತ್ತೆ ಎಲ್ಲಾ ಸೇರಿ ಬೇಕು. ತಡ ಆಗಿದ್ರೆ ಈಗಲೇ ಹೇಳಿಬಿಡಿ."

"ತಡ ಆಗಿಲ್ಲ," ಎಂದ ಅವನು ಅವಸರವಸರವಾಗಿ. "ಇಲ್ಲ, ಇಲ್ಲ... ತಡ ಆಗಿಲ್ಲ! ನಾನೂ ಹೇಳ್ಬೇಕಿತ್ತು. ನೀವು ನನ್ನ ಹುಳಾನ ಬೈದ ದಿನದಿಂದ ನನಗೆ ನೀವು ಅಂದ್ರೆ... ಇಷ್ಟ. ತುಂಬಾ ಇಷ್ಟ. ಅವತ್ತೂ ಇದನ್ನ ಹೇಳೋಕೇ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ದೆ."

"ಈಗ ಹೇಳಿದ್ರಲ್ಲ."

"ಈಗ ಅಂಗಿ ಕೊಳೆಯಾಗಿದೆ."

"ಇರಲಿ ಬಿಡಿ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಸಾಲದೆಂದು ಅಂಗಿಗೂ ಒರೆಸಿಕೊಂಡ. ಆಮೇಲೂ ಅನುಮಾನದಿಂದ ಅಂಗೈ ತಿರುಗಿಸಿ ನೋಡಿಕೊಂಡ. ಅವಳೇ ಆ ಕೈ ಹಿಡಿದುಕೊಂಡಳು. ಮಣ್ಣಿನ ತಂಪು, ಅದರಡಿ ಬಿಸಿ. ವ್ಯಾನಿನ ಬಳಿ ಸೋದರತ್ತೆ ಬೆನ್ನು ತಿರುಗಿಸಿ ನಿಂತು ಆಕಾಶ ನೋಡುವ ನಾಟಕವಾಡುತ್ತಿದ್ದರು. ನಿಮಿಷಕ್ಕೊಮ್ಮೆ ಕತ್ತು ಮಾತ್ರ ಹಿಂದಕ್ಕೆ ಹೊರಳುತ್ತಿತ್ತು.

"ಮೇಡಂ..." ಎಂದ ಅವನು ಕೊನೆಗೆ.

"ಇನ್ನೂ ಮೇಡಮ್ಮಾ? ಇನ್ಮೇಲೆ ಮೇಡಂ ಬೇಡ, ನೀವೂ ಬೇಡ. ನೀನು ಅನ್ನಿ."

"ನೀವೂ 'ಅನ್ನಿ' ಅಂತಾನೇ ಇದೀರಲ್ಲ?"

"ಮೊದಲು ನಿಮ್ಮ ಸರದಿ. ಹೂಂ, ಅನ್ನಿ!"

ಅವನು 'ನೀನು' ಎಂಬ ಪದವನ್ನು ಬಾಯಲ್ಲೇ ಎರಡು ಸಲ ತಿರುಗಿಸಿ ನೋಡಿದ. ಉಸಿರು ಎಳೆದುಕೊಂಡ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಲೋಕದ ಪ್ರೀತಿಯೆಲ್ಲ ಒಟ್ಟುಮಾಡಿ ಕೇಳಿದ.

"ನೀನು... ತಿಂಡಿ ತಿಂದ್ರಾ?"

ಅವಳಿಗೆ ನಗು ಉಕ್ಕಿ ಬಂತು. ನಕ್ಕು ನಕ್ಕು, ಅವನ ಕೈ ಬಿಡದೆಯೇ ಕಣ್ಣೊರೆಸಿಕೊಂಡಳು.

"ಇಲ್ಲ. ಐದು ದಿನದಿಂದ ಸರಿಯಾಗಿ ಊಟಾನೂ ಮಾಡಿಲ್ಲ. ನೀನು ತಿನ್ನಿಸ್ತೀರಾ?"

"ತಿನ್ನಿಸ್ತೀನಿ," ಎಂದ ಅವನು. "ನೀನು ಬನ್ನಿ."